ಬೆಳಕಿನ ಸ್ವಿಚ್ಚಿನಿಂದ ಭ್ರೂಣದ ಜೀನ್ ನಿಯಂತ್ರಣವನ್ನು ಅಧ್ಯಯನ ಮಾಡುವುದು ಹೇಗೆ: ಕತ್ತಲ ಕೋಣೆಯಿಂದ ಫಲಿತಾಂಶದವರೆಗೆ

ಹಣ್ಣಿನ ನೊಣದ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದವಿರುತ್ತದೆ. ನೋಡಲು ಅಕ್ಕಿನುಚ್ಚಿನ ಚೂರಿನಂತೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಮೊಟ್ಟೆಯಿಟ್ಟು ಮೂರು ಗಂಟೆ ಕಳೆಯುವಷ್ಟರಲ್ಲಿ, ಅದರೊಳಗಿನ ಒಂದೇ ಒಂದು ನ್ಯೂಕ್ಲಿಯಸ್ಸು ವಿಭಜನೆಯಾಗುತ್ತ ಸುಮಾರು 6,000 ಆಗಿ, ಅವುಗಳಲ್ಲಿ ತಲೆಯಾಗುವುದು ಯಾವುದು, ಎದೆಯಾಗುವುದು ಯಾವುದು, ಹೊಟ್ಟೆಯಾಗುವುದು ಯಾವುದು ಎಂಬುದು ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಭ್ರೂಣದ ಈ ಅಂಗವಿನ್ಯಾಸವನ್ನು ನಿಯಂತ್ರಿಸುವ ಜೀನ್‌ಗಳ ಅಧ್ಯಯನಕ್ಕಾಗಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್, ಎರಿಕ್ ವೀಶೌಸ್ ಮತ್ತು ಎಡ್ವರ್ಡ್ ಲೂಯಿಸ್ ಅವರಿಗೆ 1995ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಅವರು ಹಿಡಿದ ದಾರಿ ಜೀನು ಕೆಟ್ಟ ನೊಣಗಳದ್ದು: ಯಾವ ಜೀನು ಕೆಟ್ಟರೆ ಮರಿಹುಳುವಿನಲ್ಲಿ ಯಾವ ಭಾಗ ಕಾಣೆಯಾಗುತ್ತದೆ ಎಂದು ನೋಡುವುದು. ಆ ದಾರಿಗೆ ಇಂದಿಗೂ ಬೆಲೆಯಿದೆ. ಆದರೆ ಅಲ್ಲಿ ಜೀನು ಮೊದಲಿನಿಂದ ಕೊನೆಯವರೆಗೂ ಕೆಟ್ಟೇ ಇರುತ್ತದೆಯಾದ್ದರಿಂದ, ಅದು ಬೇಕೋ ಬೇಡವೋ ಎಂಬುದು ತಿಳಿಯುತ್ತದೆಯೇ ಹೊರತು ಯಾವ ಹೊತ್ತಿನಲ್ಲಿ ಬೇಕು, ಎಷ್ಟು ನಿಮಿಷ ಬೇಕು ಎಂಬುದು ತಿಳಿಯುವುದಿಲ್ಲ.

ಆ ‘ಯಾವಾಗ’ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಬಂದಿರುವ ವಿಧಾನವೇ ಆಪ್ಟೊಜೆನೆಟಿಕ್ಸ್. ಬೆಳಕಿಗೆ ಆಕಾರ ಬದಲಿಸುವ ಒಂದು ಪ್ರೋಟೀನನ್ನು ಗಿಡದಿಂದಲೋ ಬ್ಯಾಕ್ಟೀರಿಯದಿಂದಲೋ ತೆಗೆದು, ಭ್ರೂಣದಲ್ಲಿ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನಿಗೆ ಜೋಡಿಸಿದರೆ, ಬೆಳಕು ಹಾಕಿದಾಗ ಅದರ ಕೆಲಸ ನಿಲ್ಲುವಂತೆಯೋ ಆರಂಭವಾಗುವಂತೆಯೋ ಮಾಡಬಹುದು. ಕೊಣಾಜೆ, ದೇರಳಕಟ್ಟೆ, ಮಣಿಪಾಲದ ಕಡೆ ಜೀವವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಇಳಿಯುವ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ಬೆಳಕು ಹಾಕುವುದು ಸುಲಭದ ಭಾಗ, ಕತ್ತಲನ್ನು ಕಾಪಾಡುವುದು ಕಷ್ಟದ ಭಾಗ. ಫಲಿತಾಂಶವನ್ನು ನಂಬಬಹುದೇ ಇಲ್ಲವೇ ಎಂಬುದು ಹೆಚ್ಚಿನ ಸಲ ಆ ಎರಡನೆಯದರ ಮೇಲೇ ನಿಂತಿರುತ್ತದೆ. ಹಾಗಾಗಿ ಕತ್ತಲಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಪ್ರಶ್ನೆ

ಉಪಕರಣಕ್ಕೆ ಕೈಹಾಕುವ ಮೊದಲು ಒಂದು ಹಾಳೆಯಲ್ಲಿ ಒಂದೇ ವಾಕ್ಯ ಬರೆಯಿರಿ: ಯಾವ ಪ್ರೋಟೀನು, ಯಾವ ಹೊತ್ತಿನಲ್ಲಿ ಇಲ್ಲವಾದರೆ, ಯಾವ ಬದಲಾವಣೆಯನ್ನು ನಾನು ನೋಡುತ್ತೇನೆ? ಆ ವಾಕ್ಯದಲ್ಲಿ ಹೊತ್ತು ಇಲ್ಲದಿದ್ದರೆ ನಿಮಗೆ ಬೆಳಕು ಬೇಕಾಗಿಲ್ಲ, ಜೀನು ಕೆಟ್ಟ ಸಾಮಾನ್ಯ ನೊಣವೇ, ಅಂದರೆ ಮ್ಯುಟೆಂಟ್ ನೊಣವೇ ಸಾಕು.

ನಮ್ಮ ಉದಾಹರಣೆಗೆ ಬೈಕಾಯ್ಡ್ ಎಂಬ ಪ್ರೋಟೀನನ್ನು ತೆಗೆದುಕೊಳ್ಳೋಣ. ಇದರ ಆರ್‌ಎನ್‌ಎಯನ್ನು (ಪ್ರೋಟೀನು ತಯಾರಿಸಲು ಜೀನಿನಿಂದ ಬರೆದುಕೊಂಡ ಪ್ರತಿಯನ್ನು) ತಾಯಿನೊಣ ಮೊಟ್ಟೆಯ ಮುಂತುದಿಯಲ್ಲಿ ಇಟ್ಟಿರುತ್ತದೆ. ಮೊಟ್ಟೆ ಹೊರಬಿದ್ದ ಮೇಲೆ ಅದರಿಂದ ಪ್ರೋಟೀನು ತಯಾರಾಗಿ, ತಲೆಯ ಕಡೆ ದಟ್ಟವಾಗಿ, ಹಿಂದಕ್ಕೆ ಹೋದಂತೆ ತೆಳುವಾಗಿ ಹರಡಿಕೊಳ್ಳುತ್ತದೆ. ಬೈಕಾಯ್ಡ್ ಪೂರ್ತಿ ಇಲ್ಲದ ತಾಯಿಯ ಮರಿಗೆ ತಲೆಯೂ ಎದೆಯೂ ಮೂಡುವುದಿಲ್ಲ, ತಲೆಯ ಜಾಗದಲ್ಲಿ ಬಾಲದ ತುದಿಯ ರಚನೆಗಳು ಬರುತ್ತವೆ. ಈ ಪ್ರೋಟೀನು ಯಾವ ನಿಮಿಷಗಳಲ್ಲಿ ಬೇಕು ಎಂಬುದನ್ನು ಸಿಂಗಾಪುರದ ತಂಡವೊಂದು ಬೆಳಕಿನ ಮೂಲಕ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿತು. ಮೊಟ್ಟೆ ಫಲಿತವಾದ ಮೇಲಿನ ಮೊದಲ ಒಂದು ಗಂಟೆಯಲ್ಲಿ ಬೈಕಾಯ್ಡ್‌ನ ಕೆಲಸ ನಿಂತರೂ ಭ್ರೂಣ ಬದುಕುತ್ತದೆ; ಅಲ್ಲಿಂದ ಮುಂದೆ, ಜೀವಕೋಶಗಳು ರೂಪುಗೊಳ್ಳುವವರೆಗೂ, ಅದು ಎಡೆಬಿಡದೆ ಬೇಕು. ಸ್ವಲ್ಪ ಹೊತ್ತು ನಿಲ್ಲಿಸಿದರೆ ತೀರಾ ಮುಂಭಾಗದ ಅಂಗಗಳು ಮಾತ್ರ ಕೆಡುತ್ತವೆ, ಹೆಚ್ಚು ಹೊತ್ತು ನಿಲ್ಲಿಸಿದಂತೆ ದೋಷ ಹಿಂದಕ್ಕೆ ಹಬ್ಬುತ್ತದೆ. ಅಂದರೆ ಬೈಕಾಯ್ಡ್ ಹೆಚ್ಚು ಇರುವ ಕಡೆಗೇ ಅದು ಹೆಚ್ಚು ಕಾಲವೂ ಬೇಕು. ಮ್ಯುಟೆಂಟ್ ನೊಣಗಳನ್ನು ಎಷ್ಟು ನೋಡಿದ್ದರೂ ಈ ಸಂಗತಿ ಹೊರಬರುತ್ತಿರಲಿಲ್ಲ ಎಂಬುದೇ ನನ್ನನ್ನು ಈ ವಿಧಾನದ ಕಡೆಗೆ ಸೆಳೆದದ್ದು.

ಉಪಕರಣದ ಆಯ್ಕೆ

ಬೆಳಕಿನ ಪ್ರೋಟೀನುಗಳು ಹಲವಾರಿವೆ. ಆಯ್ಕೆ ಮಾಡುವಾಗ ಮೂರು ವಿಷಯ ನೋಡಬೇಕು: ಯಾವ ಬಣ್ಣಕ್ಕೆ ಎಚ್ಚರಗೊಳ್ಳುತ್ತದೆ, ಕತ್ತಲಾದ ಮೇಲೆ ಎಷ್ಟು ಹೊತ್ತಿಗೆ ಮಲಗುತ್ತದೆ, ಹೊರಗಿನಿಂದ ಬೇರೇನಾದರೂ ರಾಸಾಯನಿಕ ಕೊಡಬೇಕೇ.

ಕ್ರಿಪ್ಟೊಕ್ರೋಮ್-2, ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಿಂದ ಬಂದದ್ದು. ನೀಲಿ ಬೆಳಕು ಬಿದ್ದ ಕೆಲವೇ ಸೆಕೆಂಡುಗಳಲ್ಲಿ ತನ್ನ ಜೊತೆಗಾರ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ತನ್ನಷ್ಟಕ್ಕೆ ಗುಂಪೂ ಕಟ್ಟುತ್ತದೆ. ಕತ್ತಲಲ್ಲಿ ಬಿಟ್ಟುಕೊಳ್ಳಲು ಐದಾರು ನಿಮಿಷ ಬೇಕು. ಮೇಲೆ ಹೇಳಿದ ಬೈಕಾಯ್ಡ್ ಪ್ರಯೋಗದಲ್ಲಿ ಬಳಸಿದ್ದು ಇದನ್ನೇ: ಬೈಕಾಯ್ಡ್‌ಗೆ ಇದನ್ನು ಜೋಡಿಸಿದಾಗ ಕತ್ತಲಲ್ಲಿ ಎಂದಿನಂತೆ ಕೆಲಸ ನಡೆಯುತ್ತದೆ, ನೀಲಿ ಬೆಳಕಿನಲ್ಲಿ ನಿಲ್ಲುತ್ತದೆ. ಓಟ್ಸ್ ಗಿಡದ ಬೆಳಕುಗ್ರಾಹಿ ತುಣುಕಿನಿಂದ ಮಾಡಿದ ಐಲಿಡ್ ಎಂಬ ಜೋಡಿ ಇನ್ನೂ ಚುರುಕು; ಕತ್ತಲಾದರೆ ಅರ್ಧ ನಿಮಿಷದ ಆಸುಪಾಸಿನಲ್ಲೇ ಬಿಡುತ್ತದೆ. ಅದೇ ಓಟ್ಸ್ ತುಣುಕಿನಿಂದ ಮಾಡಿದ ಲೆಕ್ಸಿ ಎಂಬುದು ನೀಲಿ ಬೆಳಕಿನಲ್ಲಿ ಪ್ರೋಟೀನನ್ನು ನ್ಯೂಕ್ಲಿಯಸ್ಸಿನಿಂದ ಹೊರಗೆ ಕಳಿಸುತ್ತದೆ, ಕತ್ತಲಲ್ಲಿ ಒಳಕ್ಕೆ ಬಿಡುತ್ತದೆ. ಜೀನ್ ನಿಯಂತ್ರಣದ ಅಧ್ಯಯನಕ್ಕೆ ಹೊಸಬರು ಕೈಹಾಕುವುದಾದರೆ ನಾನು ಲೆಕ್ಸಿಯನ್ನೇ ಸೂಚಿಸುತ್ತೇನೆ. ಕಾರಣ ಸರಳ: ಪ್ರೋಟೀನಿಗೆ ಕೆಂಪು ಫ್ಲೋರೆಸೆಂಟ್ (ಬೆಳಕು ಬಿದ್ದಾಗ ಹೊಳೆಯುವ) ಗುರುತೊಂದನ್ನೂ ಅಂಟಿಸಿದ್ದರೆ ಅದು ನ್ಯೂಕ್ಲಿಯಸ್ಸಿನಿಂದ ಹೊರಬಿದ್ದದ್ದು ಕಣ್ಣಿಗೇ ಕಾಣುತ್ತದೆ, ಸ್ವಿಚ್ಚು ಒತ್ತಿತೋ ಇಲ್ಲವೋ ಎಂಬ ಸಂಶಯ ಉಳಿಯುವುದಿಲ್ಲ.

ಬ್ಯಾಕ್ಟೀರಿಯದಿಂದ ಬಂದ ಇ.ಎಲ್.222 ಎಂಬ ಪ್ರೋಟೀನು ನೀಲಿ ಬೆಳಕಿನಲ್ಲಿ ಜೋಡಿಯಾಗಿ ನೇರವಾಗಿ ಡಿಎನ್‌ಎಗೆ ಕುಳಿತುಕೊಳ್ಳುತ್ತದೆ. ಇದರ ಮಾರ್ಪಾಡಾದ ಟೇಲ್ ವ್ಯವಸ್ಥೆ ಜೀಬ್ರಾಮೀನಿನ ಭ್ರೂಣದಲ್ಲಿ ಬೇಕಾದ ಜೀನನ್ನು ಬೇಕಾದಾಗ ಚಾಲೂ ಮಾಡಲು ಬಳಕೆಯಲ್ಲಿದೆ. ಕೆಂಪು ಬೆಳಕಿಗೆ ಚಾಲೂ ಆಗಿ, 750 ನ್ಯಾನೊಮೀಟರಿನ ದೂರಗೆಂಪಿಗೆ ಬಂದ್ ಆಗುವ ಫೈಟೊಕ್ರೋಮ್-ಬಿ ಆಕರ್ಷಕವೇನೋ ಹೌದು, ಆದರೆ ಅದಕ್ಕೆ ಬೇಕಾದ ಬಣ್ಣದ ಅಣುವನ್ನು ಪ್ರಾಣಿಕೋಶಗಳು ತಯಾರಿಸುವುದಿಲ್ಲವಾದ್ದರಿಂದ ಹೊರಗಿನಿಂದ ಒದಗಿಸಬೇಕಾಗುತ್ತದೆ. ನೀಲಿ ಬೆಳಕಿನ ಪ್ರೋಟೀನುಗಳಿಗೆ ಬೇಕಾದ ಫ್ಲೇವಿನ್ ಅಣುಗಳು ಎಲ್ಲ ಜೀವಕೋಶಗಳಲ್ಲಿ ಇದ್ದೇ ಇರುತ್ತವೆ.

ತಳಿ ಮತ್ತು ಅನುಮತಿ

ಬೆಳಕಿನ ತುಣುಕನ್ನು ಜೋಡಿಸಿದ ಪ್ರೋಟೀನು ಮೂಲ ಜೀನು ಕೆಟ್ಟಿರುವ ನೊಣದಲ್ಲಿಯೇ ಇರಬೇಕು, ಇಲ್ಲವೇ ಜೀನನ್ನು ಬೇಕಾದಲ್ಲಿ ಕತ್ತರಿಸಿ ತಿದ್ದುವ ಕ್ರಿಸ್ಪರ್ ವಿಧಾನದಿಂದ ಮೂಲ ಜೀನಿನ ಜಾಗದಲ್ಲೇ ತುಣುಕನ್ನು ಸೇರಿಸಿರಬೇಕು. ಮೂಲ ಪ್ರೋಟೀನು ಪಕ್ಕದಲ್ಲಿ ಇದ್ದುಕೊಂಡು ಕೆಲಸ ಮಾಡುತ್ತಿದ್ದರೆ, ಬೆಳಕಿನಿಂದ ಜೋಡಿತ ಪ್ರೋಟೀನನ್ನು ನಿಲ್ಲಿಸಿಯೂ ಪ್ರಯೋಜನವಿಲ್ಲ. ತಳಿ ಕೈಗೆ ಬಂದ ದಿನ ಮಾಡಬೇಕಾದ ಮೊದಲ ಪರೀಕ್ಷೆಗೆ ಬೆಳಕೇ ಬೇಡ: ಪೂರ್ತಿ ಕತ್ತಲಲ್ಲಿ ಮೊಟ್ಟೆಯಿಡಿಸಿ, ನೂರು ಮೊಟ್ಟೆಯಲ್ಲಿ ಎಷ್ಟು ಒಡೆದು ಮರಿಯಾಗುತ್ತವೆ ಎಂದು ಎಣಿಸಿ, ಸಾಮಾನ್ಯ ನೊಣದೊಂದಿಗೆ ಹೋಲಿಸಿ. ಕತ್ತಲಲ್ಲೂ ಬಹಳಷ್ಟು ಸಾಯುತ್ತಿದ್ದರೆ ಜೋಡಿತ ಪ್ರೋಟೀನು ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಅರ್ಥ. ಅಂಥ ತಳಿಯ ಮೇಲೆ ತಿಂಗಳುಗಟ್ಟಲೆ ಶ್ರಮ ಹಾಕಬೇಡಿ.

ತಳಿಗಳನ್ನು ಅಮೆರಿಕದ ಬ್ಲೂಮಿಂಗ್ಟನ್ ಸಂಗ್ರಹದಿಂದಲೋ, ಪ್ರಕಟಿಸಿದ ಪ್ರಯೋಗಾಲಯದಿಂದಲೋ ತರಿಸಬಹುದು. ಹೊಸದಾಗಿ ಮಾಡಿಸುವುದಾದರೆ ಭ್ರೂಣಕ್ಕೆ ಡಿಎನ್‌ಎ ಚುಚ್ಚಿ ತಳಿ ಮಾಡಿಕೊಡುವ ವ್ಯವಸ್ಥೆ ಬೆಂಗಳೂರಿನಲ್ಲಿದೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿರುವ ಡ್ರೋಸೊಫಿಲಾ ಸಂಗ್ರಹ ಕೇಂದ್ರ ನಮ್ಮ ರಾಜ್ಯದ ನೊಣ ಸಂಶೋಧನೆಗೆ ತವರುಮನೆ ಇದ್ದಂತೆ. ಹೋಲಿಕೆಗೆ ಬೇಕಾದ ಸಾಮಾನ್ಯ ತಳಿಗಳಿಗೆ ಅಲ್ಲಿ ವಿಚಾರಿಸಬಹುದು. ಕುಲಾಂತರಿ ಜೀವಿಗಳ ಕೆಲಸವಾದ್ದರಿಂದ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಮುಂದೆ ಅರ್ಜಿ ಹೋಗಲೇಬೇಕು. ಜೀಬ್ರಾಮೀನನ್ನು ಆರಿಸಿಕೊಂಡರೆ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಕಾಗದಪತ್ರದ ಕೆಲಸವನ್ನು ತಳಿ ತರಿಸುವ ಮೊದಲೇ ಮುಗಿಸಿಕೊಳ್ಳಿ.

ಕರಾವಳಿಯ ಹವೆಯಲ್ಲಿ ನೊಣ ಸಾಕುವುದು

ಪರದೇಶದ ಕೈಪಿಡಿಗಳು ಭ್ರೂಣ ಒಣಗದಂತೆ ನೋಡಿಕೊಳ್ಳಿ ಎನ್ನುತ್ತವೆ; ಮಂಗಳೂರು–ಉಡುಪಿಯಲ್ಲಿ ಮಳೆ ಜೋರಾಗಿರುವ ಆಟಿ ತಿಂಗಳಿನಲ್ಲಿ ನಮ್ಮ ಚಿಂತೆ ಅದರ ತಿರುಗುಮುರುಗು. ಆಹಾರದ ಸೀಸೆಯ ಮೇಲೆ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಹತ್ತಿಯ ಬಿರಡೆ ತೇವವಾಗುತ್ತದೆ, ಉಣ್ಣಿಯಂಥ ಸಣ್ಣ ಮೈಟ್ ಹುಳುಗಳು ಒಂದು ಸೀಸೆಯಿಂದ ಇನ್ನೊಂದಕ್ಕೆ ಹೋಗುತ್ತವೆ. ನಮ್ಮ ಕಡೆಯ ಪ್ರಯೋಗಾಲಯಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ರವೆ–ಬೆಲ್ಲದ ಆಹಾರವೇ ಸಾಕು: ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್ ಹಾಕಿ ಕುದಿಸಿ, ಬಿಸಿ ತಗ್ಗಿದ ಮೇಲೆ 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ ಸೇರಿಸುವುದು. ಕುದಿಯುವಾಗಲೇ ಆಮ್ಲ ಹಾಕಿದರೆ ಅದು ಆವಿಯಾಗಿ ಹೋಗುತ್ತದೆ, ಬೂಷ್ಟು ತಡೆಯಲು ಉಳಿಯುವುದಿಲ್ಲ. ಸುರಿದ ಸೀಸೆಗಳನ್ನು ತೆಳುಬಟ್ಟೆ ಮುಚ್ಚಿ ಒಂದು ರಾತ್ರಿ ಎ.ಸಿ. ಕೋಣೆಯಲ್ಲಿ ಆರಿಸಿ. ತಳಿಯೊಂದರ ಎರಡು ಪ್ರತಿಗಳನ್ನು ಬೇರೆ ಬೇರೆ ಟ್ರೇಗಳಲ್ಲಿ ಇಡಿ.

ಉಷ್ಣತೆಯ ವಿಷಯದಲ್ಲಿ ರಾಜಿ ಬೇಡ. ಭ್ರೂಣದ ಬೆಳವಣಿಗೆಯ ವೇಗ ಉಷ್ಣತೆಯೊಂದಿಗೆ ಬದಲಾಗುತ್ತದೆ. ಏಪ್ರಿಲ್‌ನ ಕೋಣೆಯಲ್ಲಿ ಮಾಡಿದ ಪ್ರಯೋಗದ ನಿಮಿಷಗಳಿಗೂ ಜುಲೈನಲ್ಲಿ ಮಾಡಿದ್ದಕ್ಕೂ ಹೋಲಿಕೆಯಿರುವುದಿಲ್ಲ. ನಮ್ಮ ಇಡೀ ಪ್ರಶ್ನೆ ನಿಮಿಷಗಳ ಮೇಲೆ ನಿಂತಿರುವುದರಿಂದ, 25 ಡಿಗ್ರಿಯ ಇನ್‌ಕ್ಯುಬೇಟರ್ ಮತ್ತು ಅದಕ್ಕೆ ಬ್ಯಾಟರಿ ಬ್ಯಾಕಪ್ ಎರಡೂ ಅಗತ್ಯ.

ಕತ್ತಲ ಕೋಣೆ

ಮೊಟ್ಟೆ ಸಂಗ್ರಹದಿಂದ ಹಿಡಿದು ಫಾರ್ಮಾಲ್ಡಿಹೈಡ್‌ನಲ್ಲಿ ಭ್ರೂಣ ಸ್ಥಿರವಾಗುವವರೆಗೆ ಎಲ್ಲ ಕೆಲಸವೂ ಕೆಂಪು ದೀಪದಲ್ಲಿ ನಡೆಯಬೇಕು. 620 ನ್ಯಾನೊಮೀಟರಿನ ಮೇಲಿನ ಕೆಂಪು ಎಲ್‌ಇಡಿ ನೀಲಿ ಬೆಳಕಿನ ಪ್ರೋಟೀನುಗಳನ್ನು ಎಬ್ಬಿಸುವುದಿಲ್ಲ. ಮಂಗಳೂರಿನ ಹಂಪನಕಟ್ಟೆಯಂಥ ಪೇಟೆಯಲ್ಲಿ ಕೆಂಪು ಎಲ್‌ಇಡಿ ಪಟ್ಟಿ ಅಗ್ಗಕ್ಕೇ ಸಿಗುತ್ತದೆ. ಆದರೆ ಬಿಳಿ ಬಲ್ಬಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ ಕೆಲಸ ಮಾಡುತ್ತೇನೆಂದು ಹೊರಡಬೇಡಿ. ಕೆಲವು ಕಾಗದಗಳು ನೀಲಿಯನ್ನು ಪೂರ್ತಿ ತಡೆಯುವುದಿಲ್ಲ. ಪರೀಕ್ಷೆ ಸುಲಭ. ಹಳೆಯ ಸಿ.ಡಿ. ಒಂದನ್ನು ದೀಪದ ಕೆಳಗೆ ಹಿಡಿದು ಓರೆಯಾಗಿ ನೋಡಿ. ಅದರ ಮೇಲ್ಮೈಯ ನುಣ್ಣನೆಯ ಗೆರೆಗಳು ಬೆಳಕನ್ನು ಬಣ್ಣಗಳಾಗಿ ಬಿಡಿಸುತ್ತವೆ. ಒಳ್ಳೆಯ ಕೆಂಪು ಎಲ್‌ಇಡಿಯಾದರೆ ಒಂದೇ ಕೆಂಪು ಪಟ್ಟೆ ಕಾಣುತ್ತದೆ. ಹಸಿರಿನ ಅಥವಾ ನೀಲಿಯ ಎಳೆ ಕಂಡರೆ ಆ ದೀಪ ಬೇಡ. ಸ್ಪೆಕ್ಟ್ರೋಮೀಟರ್ ಇದ್ದರೆ ಅದರಲ್ಲೂ ಒಮ್ಮೆ ನೋಡಿಕೊಳ್ಳಿ.

ದೀಪ ಸರಿಯಾದ ಮೇಲೆ ಕೋಣೆಯನ್ನು ಪರೀಕ್ಷಿಸಬೇಕು. ಎಲ್ಲ ದೀಪಗಳನ್ನೂ ಆರಿಸಿ, ಬಾಗಿಲು ಹಾಕಿ, ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕಣ್ಣು ಹೊಂದಿಕೊಂಡಂತೆ ಒಂದೊಂದೇ ಬೆಳಕು ಹೊರಬರುತ್ತದೆ: ಬಾಗಿಲ ಕೆಳಗಿನ ಸಂದು, ಕಂಪ್ಯೂಟರಿನ ಮಾನಿಟರ್, ನೆಟ್‌ವರ್ಕ್ ಪೆಟ್ಟಿಗೆಯ ಮಿಣುಕು, ಮೊಬೈಲಿನ ಪರದೆ. ಪ್ರತಿಯೊಂದಕ್ಕೂ ಕಪ್ಪು ಟೇಪು ಅಂಟಿಸಿ, ಮಾನಿಟರಿಗೆ ನೀಲಿಯನ್ನು ಪೂರ್ತಿ ತಡೆಯುವ ಕೆಂಪು ಹಾಳೆ ಹಾಕಿ, ಮೊಬೈಲನ್ನು ಹೊರಗೆ ಬಿಟ್ಟು ಬನ್ನಿ.

ಈ ಹತ್ತು ನಿಮಿಷವನ್ನು ನಾನು ಮೊದಲೇ ಕೊಡದೆ ಮೂರು ವಾರ ಕಳೆದುಕೊಂಡೆ. ಬೆಳಕು ಹಾಕದೆ ಇಟ್ಟ ತಟ್ಟೆಗಳಲ್ಲೂ ಕೆಲವು ಮರಿಗಳ ತಲೆಯಲ್ಲಿ ದೋಷ ಕಾಣುತ್ತಿತ್ತು, ಕೆಲವು ತಟ್ಟೆಗಳಲ್ಲಿ ಕಾಣುತ್ತಿರಲಿಲ್ಲ. ತಳಿ ಕೆಟ್ಟಿದೆಯೆಂದು ತಿಳಿದು ಅದನ್ನು ಮತ್ತೆ ಮತ್ತೆ ಸಂಕರ ಮಾಡಿಸಿದೆ. ಕೊನೆಗೊಂದು ಸಂಜೆ ಕರೆಂಟು ಹೋದಾಗ, ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಇನ್‌ಕ್ಯುಬೇಟರಿನ ಉಷ್ಣತೆ ತೋರಿಸುವ ಅಂಕಿಗಳ ಮೇಲೆ ಕಣ್ಣು ಬಿತ್ತು. ಅಂಕಿಗಳು ನೀಲಿ. ಬಾಗಿಲಿನ ಗಾಜಿನ ಮೂಲಕ ಅದರ ಬೆಳಕು ಮುಂದಿನ ಸಾಲಿನ ತಟ್ಟೆಗಳ ಮೇಲೆ ಬೀಳುತ್ತಿತ್ತು, ಹಿಂದಿನ ಸಾಲಿಗೆ ತಲುಪುತ್ತಿರಲಿಲ್ಲ. ಅಂದಿನಿಂದ ನಮ್ಮಲ್ಲಿ ಪ್ರತಿ ತಟ್ಟೆಯೂ ಎರಡು ಪದರ ಅಲ್ಯುಮಿನಿಯಂ ಫಾಯಿಲ್ ಸುತ್ತಿದ ಡಬ್ಬಿಯೊಳಗೆ ಇರುತ್ತದೆ, ತಟ್ಟೆಯನ್ನು ಯಾವ ಸಾಲಿನಲ್ಲಿ ಇಟ್ಟೆವೆಂಬುದೂ ನೋಟ್‌ಬುಕ್ಕಿನಲ್ಲಿ ಇರುತ್ತದೆ. ಮಳೆಗಾಲದಲ್ಲಿ ಇನ್ನೊಂದು ಎಚ್ಚರಿಕೆ: ಕರೆಂಟು ಹೋಗಿ ಬಂದಾಗ, ಸ್ವಿಚ್ಚು ಒತ್ತಿಯೇ ಉಳಿದಿದ್ದರೆ, ಟ್ಯೂಬ್‌ಲೈಟು ತಾನಾಗಿ ಹೊತ್ತಿಕೊಂಡು ಒಂದು ದಿನದ ಪ್ರಯೋಗ ಹಾಳಾಗುತ್ತದೆ. ಕೆಲಸ ಶುರುಮಾಡುವ ಮೊದಲು ಸ್ವಿಚ್ಚುಗಳನ್ನು ಆರಿಸಿ ಅವುಗಳ ಮೇಲೆ ಟೇಪು ಹಾಕಿಬಿಡಿ.

ಬೆಳಕಿನ ಅಳತೆ

ನೀಲಿ ಎಲ್‌ಇಡಿ 450ರಿಂದ 470 ನ್ಯಾನೊಮೀಟರಿನದ್ದಾಗಿದ್ದರೆ ಸರಿ. ಅದನ್ನು ಡಬ್ಬಿಯ ಮುಚ್ಚಳಕ್ಕೆ ಕೂರಿಸಿ, ನಡುವೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ ಇಟ್ಟರೆ ಬೆಳಕು ತಟ್ಟೆಯ ಮೇಲೆ ಸಮವಾಗಿ ಹರಡುತ್ತದೆ. ಸಮಯಕ್ಕೆ ಸರಿಯಾಗಿ ಹೊತ್ತಿಸಿ ಆರಿಸಲು ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಣ ಬೋರ್ಡು ಸಾಕು. ಭ್ರೂಣ ಇರುವ ಎತ್ತರದಲ್ಲಿಯೇ ಪವರ್ ಮೀಟರಿನ ಸೆನ್ಸರ್ ಇಟ್ಟು, ಮೀಟರನ್ನು ಅದೇ ತರಂಗಾಂತರಕ್ಕೆ ಹೊಂದಿಸಿ ಅಳೆಯಿರಿ. ಸಿಕ್ಕ ಮಿಲಿವಾಟ್ ಅನ್ನು ಸೆನ್ಸರಿನ ವಿಸ್ತೀರ್ಣದಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ ಎಷ್ಟು ಎಂಬುದು ಬರುತ್ತದೆ. ತಟ್ಟೆಯ ನಡುವೆ ಮತ್ತು ನಾಲ್ಕು ಅಂಚುಗಳಲ್ಲಿ ಅಳೆದು ಐದೂ ಅಂಕಿಗಳನ್ನು ಬರೆದುಕೊಳ್ಳಿ.

ಎಷ್ಟು ಬೆಳಕು ಬೇಕು ಎಂಬುದನ್ನು ಬೇರೆಯವರ ಲೇಖನದಿಂದ ನಕಲು ಮಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ಅವರ ಮಸೂರ, ಎಣ್ಣೆ, ತಟ್ಟೆ ಎಲ್ಲವೂ ಬೇರೆ. ಚದರ ಸೆಂಟಿಮೀಟರಿಗೆ 0.1 ಮಿಲಿವಾಟ್‌ನಿಂದ ಆರಂಭಿಸಿ ಪ್ರತಿ ಸಲ ಮೂರು ಪಟ್ಟು ಏರಿಸುತ್ತ ಹೋಗಿ, ಪರಿಣಾಮ ಇನ್ನು ಹೆಚ್ಚಾಗದ ಮಟ್ಟವನ್ನು ಗುರುತಿಸಿ, ಅದಕ್ಕೆ ಮುಟ್ಟುವ ಅತಿ ಕಡಿಮೆ ಬೆಳಕನ್ನು ಆರಿಸಿಕೊಳ್ಳಿ. ಹೆಚ್ಚಿನ ನೀಲಿ ಬೆಳಕು ಜೀವಕೋಶದ ಫ್ಲೇವಿನ್ ಅಣುಗಳ ಮೂಲಕ ಹಾನಿಕಾರಕ ಆಕ್ಸಿಜನ್ ರೂಪಗಳನ್ನು ಹುಟ್ಟಿಸುತ್ತದೆ. ಆಗ ಸಾಮಾನ್ಯ ಭ್ರೂಣವೂ ಕೆಡುತ್ತದೆ.

ಬೆಳಕನ್ನು ನಿರಂತರವಾಗಿ ಹಾಕುವ ಅಗತ್ಯವೂ ಇಲ್ಲ. ಕ್ರಿಪ್ಟೊಕ್ರೋಮ್ ಮಲಗಲು ಐದಾರು ನಿಮಿಷ ಬೇಕಾದ್ದರಿಂದ ನಿಮಿಷಕ್ಕೊಮ್ಮೆ ಕೆಲವು ಸೆಕೆಂಡು ಬೆಳಕು ಕೊಟ್ಟರೂ ಅದು ಎಚ್ಚರವಾಗಿಯೇ ಇರುತ್ತದೆ. ಐಲಿಡ್‌ಗೆ ಈ ಲೆಕ್ಕ ಹೊಂದುವುದಿಲ್ಲ, ಹತ್ತು ಸೆಕೆಂಡಿಗೊಮ್ಮೆಯಾದರೂ ಬೇಕಾದೀತು. ಎಲ್‌ಇಡಿಯ ಬಿಸಿ ಭ್ರೂಣಕ್ಕೆ ತಟ್ಟುತ್ತದೆಯೇ ಎಂದು ನೋಡಲು, ತೆಳುವಾದ ತಂತಿಯ ಥರ್ಮೋಕಪಲ್ ಅನ್ನು ಎಣ್ಣೆಯ ಹನಿಯಲ್ಲಿ ಮುಳುಗಿಸಿ ಅಳೆಯಿರಿ. ತಂತಿ ತಾನೇ ಬೆಳಕನ್ನು ಹೀರಿ ಬಿಸಿಯಾಗುವುದರಿಂದ ಬೆಳಕು ಆರಿದ ಮರುಕ್ಷಣದ ಅಂಕಿಯನ್ನು ತೆಗೆದುಕೊಳ್ಳುವುದು ಒಳ್ಳೆಯದು. ಅರ್ಧ ಡಿಗ್ರಿಗಿಂತ ಹೆಚ್ಚು ಏರಿದರೆ ಸಣ್ಣ ಫ್ಯಾನು ಹಾಕಿ.

ಮೊಟ್ಟೆಯಿಂದ ಸೂಕ್ಷ್ಮದರ್ಶಕದವರೆಗೆ

ನೊಣಗಳನ್ನು ಪಂಜರಕ್ಕೆ ಹಾಕಿ, ಸೇಬಿನ ರಸದ ಅಗರ್ ತಟ್ಟೆಗೆ ಈಸ್ಟ್ ಪೇಸ್ಟ್ ಸವರಿ ಕೊಟ್ಟು, ಎರಡು ದಿನ ಹೊಂದಿಕೊಳ್ಳಲು ಬಿಡಿ. ಪ್ರಯೋಗದ ದಿನ ಪಂಜರ ಕತ್ತಲಲ್ಲಿರಬೇಕು. ಬೈಕಾಯ್ಡ್‌ನ ವಿಷಯದಲ್ಲಿ ಪ್ರೋಟೀನು ತಯಾರಾಗುವುದೇ ಮೊಟ್ಟೆ ಹೊರಬಿದ್ದ ಮೇಲಾದ್ದರಿಂದ ತಾಯಿನೊಣಕ್ಕೆ ಹಿಂದಿನ ದಿನ ಬಿದ್ದ ಬೆಳಕು ಅಷ್ಟಾಗಿ ಬಾಧಿಸದು. ಆದರೆ ತಾಯಿಯ ಅಂಡಾಶಯದಲ್ಲಿಯೇ ತುಂಬಿಕೊಳ್ಳುವ ಪ್ರೋಟೀನುಗಳಿಗೆ ಈ ರಿಯಾಯಿತಿ ಇಲ್ಲ.

ಮೊದಲ ಒಂದು ಗಂಟೆಯ ತಟ್ಟೆಯನ್ನು ಎಸೆದುಬಿಡಿ. ಹೆಣ್ಣುನೊಣಗಳು ಫಲವತ್ತಾದ ಮೊಟ್ಟೆಗಳನ್ನು ಕೆಲಕಾಲ ಹೊಟ್ಟೆಯಲ್ಲಿಯೇ ಉಳಿಸಿಕೊಳ್ಳುವುದರಿಂದ ಆ ತಟ್ಟೆಯಲ್ಲಿ ಬೇರೆ ಬೇರೆ ವಯಸ್ಸಿನವು ಸೇರಿಕೊಂಡಿರುತ್ತವೆ. ಎರಡನೆಯ ತಟ್ಟೆಯಿಂದ ಕೆಲಸ ಆರಂಭ. ಸಂಗ್ರಹದ ಅವಧಿ ಅರ್ಧ ಗಂಟೆ ಇದ್ದರೆ ಉತ್ತಮ.

ಕೆಂಪು ದೀಪದಲ್ಲಿ ಮೊಟ್ಟೆಗಳನ್ನು ಕುಂಚದಿಂದ ಜರಡಿಗೆ ತೆಗೆದುಕೊಂಡು, ಅರ್ಧಕ್ಕರ್ಧ ನೀರು ಬೆರೆಸಿದ ಬ್ಲೀಚಿನಲ್ಲಿ ಒಂದೂವರೆ ನಿಮಿಷ ಅದ್ದಿ. ಮೊಟ್ಟೆಯ ತಲೆಯ ಮೇಲಿನ ಎರಡು ಕೊಂಬಿನಂಥ ಎಳೆಗಳು ಕರಗಿದರೆ ಹೊರಕವಚ ಹೋಯಿತೆಂದು ಅರ್ಥ. ಕೂಡಲೇ ನೀರಿನಿಂದ ಚೆನ್ನಾಗಿ ತೊಳೆಯಿರಿ. ನಮ್ಮ ಸೆಕೆಗೆ ಬ್ಲೀಚು ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಬಾಟಲಿ ತೆರೆದ ತಾರೀಕನ್ನು ಅದರ ಮೇಲೆ ಬರೆಯಿರಿ, ಫ್ರಿಜ್ಜಿನಲ್ಲಿಡಿ. ನಂತರ ಡಬಲ್ ಟೇಪಿನ ಅಂಟನ್ನು ಹೆಪ್ಟೇನ್‌ನಲ್ಲಿ ಕರಗಿಸಿ ಸವರಿದ ಕವರ್‌ಸ್ಲಿಪ್ಪಿನ ಮೇಲೆ ಭ್ರೂಣಗಳನ್ನು ಒಂದೇ ದಿಕ್ಕಿಗೆ ಸಾಲಾಗಿ ಕೂರಿಸಿ, ಹ್ಯಾಲೊಕಾರ್ಬನ್ ಎಣ್ಣೆ ಹನಿಸಿ. ಈ ಎಣ್ಣೆ ಆಕ್ಸಿಜನ್ನನ್ನು ಬಿಡುತ್ತದೆ, ನೀರನ್ನು ಬಿಡುವುದಿಲ್ಲ.

ವಯಸ್ಸನ್ನು ಗಡಿಯಾರದಿಂದಲ್ಲ, ಭ್ರೂಣವನ್ನು ನೋಡಿ ತೀರ್ಮಾನಿಸಬೇಕು. ಕೆಂಪು ಬೆಳಕನ್ನು ಕೆಳಗಿನಿಂದ ಹಾಯಿಸಿ ನೋಡಿದಾಗ, ಸುಮಾರು ಒಂದೂವರೆ ಗಂಟೆಯ ಹೊತ್ತಿಗೆ ಅಂಚಿನಲ್ಲಿ ತಿಳಿಯಾದ ಒಂದು ಪಟ್ಟಿ ಕಾಣುತ್ತದೆ, ಹಿಂತುದಿಯಲ್ಲಿ ಕೆಲವು ದುಂಡನೆಯ ಕೋಶಗಳು ಉಬ್ಬಿ ನಿಲ್ಲುತ್ತವೆ. ನ್ಯೂಕ್ಲಿಯಸ್ಸುಗಳು ಮೇಲ್ಮೈಗೆ ಬಂದಿವೆ ಎಂಬುದರ ಗುರುತು ಅದು. ಮುಂದಿನ ನಾಲ್ಕು ವಿಭಜನೆಗಳು ಒಂದಕ್ಕಿಂತ ಒಂದು ನಿಧಾನವಾಗಿ ನಡೆದು, ಹದಿನಾಲ್ಕನೆಯ ವಿಭಜನಾ ಚಕ್ರದಲ್ಲಿ ನ್ಯೂಕ್ಲಿಯಸ್ಸುಗಳ ನಡುವೆ ಪೊರೆ ಇಳಿಯತೊಡಗುತ್ತದೆ. ಬೆಳಕಿನ ಅವಧಿಯನ್ನು ‘ಹದಿಮೂರನೆಯ ಚಕ್ರದ ಆರಂಭದಿಂದ 20 ನಿಮಿಷ’ ಎಂಬಂತೆ ಚಕ್ರದ ಲೆಕ್ಕದಲ್ಲೇ ಬರೆಯಿರಿ.

ಜೀವಂತ ಭ್ರೂಣದಲ್ಲಿ ನೋಡುವುದು

ಇಲ್ಲಿ ಹೊಸಬರು ಬಹುಪಾಲು ಮಾಡುವ ತಪ್ಪೆಂದರೆ ಹಸಿರು ಫ್ಲೋರೆಸೆಂಟ್ ಪ್ರೋಟೀನನ್ನು ಬಳಸುವುದು. ಅದನ್ನು ನೋಡಲು ಬೇಕಾದ 488 ನ್ಯಾನೊಮೀಟರಿನ ಲೇಸರೇ ಸ್ವಿಚ್ಚನ್ನೂ ಒತ್ತಿಬಿಡುತ್ತದೆ. ನೋಡಿದ ಕ್ಷಣವೇ ಪ್ರಯೋಗ ಶುರುವಾಗಿರುತ್ತದೆ. ಹಾಗಾಗಿ ಗುರುತುಗಳೆಲ್ಲ ಎಂಚೆರ್ರಿಯಂಥ ಕೆಂಪಿನವೋ ಅದಕ್ಕೂ ಆಚೆಯವೋ ಆಗಿರಬೇಕು. 561 ನ್ಯಾನೊಮೀಟರಿನ ಲೇಸರಿನಲ್ಲಿ ಎಷ್ಟು ಹೊತ್ತು ನೋಡಿದರೂ ಕ್ರಿಪ್ಟೊಕ್ರೋಮ್ ಏಳುವುದಿಲ್ಲ.

ಜೀನು ಆರ್‌ಎನ್‌ಎ ಬರೆಯುತ್ತಿರುವುದನ್ನು ಆಗಿಂದಾಗ ನೋಡಲು ಎಂಎಸ್2 ವಿಧಾನವಿದೆ. ಜೀನಿನೊಳಗೆ ಕುಣಿಕೆಯಾಕಾರದ ಆರ್‌ಎನ್‌ಎ ಕೊಡುವ ತುಣುಕನ್ನು ಹಲವು ಸಲ, ಸಾಮಾನ್ಯವಾಗಿ 24 ಸಲ, ಸೇರಿಸಿರುತ್ತಾರೆ. ಆ ಕುಣಿಕೆಗಳಿಗೆ ಕೆಂಪು ಗುರುತಿನ ಪ್ರೋಟೀನು ಅಂಟಿಕೊಂಡಾಗ ನ್ಯೂಕ್ಲಿಯಸ್ಸಿನಲ್ಲಿ ಮಿನುಗುವ ಚುಕ್ಕಿ ಹುಟ್ಟುತ್ತದೆ; ಬರವಣಿಗೆ ನಿಂತರೆ ಕೆಲವೇ ನಿಮಿಷಗಳಲ್ಲಿ ಚುಕ್ಕಿ ಮಾಸುತ್ತದೆ. ಬೆಳಕು ಹಾಕುವ ಮೊದಲಿನ ಐದು ನಿಮಿಷವನ್ನು ಚಿತ್ರೀಕರಿಸಿಕೊಳ್ಳದೆ ಎಂದೂ ಆರಂಭಿಸಬೇಡಿ. ಅರ್ಧ ಭ್ರೂಣಕ್ಕೆ ಮಾತ್ರ ಬೆಳಕು ಬೇಕಿದ್ದರೆ, ಸಾವಿರಾರು ಪುಟ್ಟ ಕನ್ನಡಿಗಳಿರುವ ಮೈಕ್ರೋಮಿರರ್ ಸಾಧನವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿ ಬೆಳಕಿಗೆ ಆಕಾರ ಕೊಡಬಹುದು. ಆಗ ಅದೇ ಭ್ರೂಣದ ಇನ್ನರ್ಧವೇ ಹೋಲಿಕೆಗೆ ಸಿಗುತ್ತದೆ, ಆದರೆ ಬೆಳಕು ಒಳಗೆ ಚೆದುರಿ ಗಡಿಯಾಚೆಗೂ ಹೋಗುತ್ತದೆಂಬುದನ್ನು ಮರೆಯಬಾರದು.

ನಾಲ್ಕು ತಟ್ಟೆಗಳು

ಪ್ರತಿ ಪ್ರಯೋಗಕ್ಕೂ ನಾಲ್ಕು ತಟ್ಟೆ ಬೇಕು: ಬೆಳಕಿನ ತಳಿ ಬೆಳಕಿನಲ್ಲಿ, ಬೆಳಕಿನ ತಳಿ ಕತ್ತಲಲ್ಲಿ, ಸಾಮಾನ್ಯ ತಳಿ ಬೆಳಕಿನಲ್ಲಿ, ಸಾಮಾನ್ಯ ತಳಿ ಕತ್ತಲಲ್ಲಿ. ನಾಲ್ಕೂ ಒಂದೇ ದಿನ, ಒಂದೇ ಇನ್‌ಕ್ಯುಬೇಟರಿನಲ್ಲಿ. ಮೂರನೆಯ ತಟ್ಟೆಯನ್ನು ಬಿಟ್ಟುಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ನೀಲಿ ಬೆಳಕಿನ ಹಾನಿಯನ್ನು ಜೀನಿನ ಪರಿಣಾಮವೆಂದು ಭ್ರಮಿಸದಂತೆ ತಡೆಯುವುದು ಅದೊಂದೇ. ಎಣಿಸುವವರಿಗೆ ಯಾವ ತಟ್ಟೆ ಯಾವುದೆಂದು ತಿಳಿಯದಂತೆ ಬೇರೆಯವರಿಂದ ಸಂಖ್ಯೆ ಹಾಕಿಸಿ.

ಫಲಿತಾಂಶವನ್ನು ಓದುವುದು

ಸಾಧನ ಕಡಿಮೆಯಿರುವ ಪ್ರಯೋಗಾಲಯಗಳಿಗೆ ನನ್ನ ಮೊದಲ ಸಲಹೆ ತಲೆಯ ಮಡಿಕೆ. ಭ್ರೂಣದಲ್ಲಿ ತಲೆಯನ್ನೂ ಮುಂಡವನ್ನೂ ಬೇರೆ ಮಾಡುವ ಈ ಗೆರೆ ಮೂರು ಗಂಟೆಯ ಆಸುಪಾಸಿನಲ್ಲಿ, ಮುಂತುದಿಯಿಂದ ಸುಮಾರು ಮೂರನೆಯ ಒಂದು ಭಾಗದಷ್ಟು ಹಿಂದೆ ಮೂಡುತ್ತದೆ. ಬೈಕಾಯ್ಡ್ ಕಡಿಮೆಯಾದರೆ ಅದು ಮುಂದಕ್ಕೆ ಸರಿಯುತ್ತದೆ. ಯಾವ ಬಣ್ಣವೂ ಬೇಡ, ಸಾಮಾನ್ಯ ಸೂಕ್ಷ್ಮದರ್ಶಕ ಮತ್ತು ಅಳತೆಪಟ್ಟಿ ಸಾಕು. ಭ್ರೂಣಗಳ ಉದ್ದ ಒಂದೇ ಇರುವುದಿಲ್ಲವಾದ್ದರಿಂದ ಸ್ಥಾನವನ್ನು ಮೊಟ್ಟೆಯುದ್ದದ ಶೇಕಡಾ ಲೆಕ್ಕದಲ್ಲಿ ಬರೆಯಿರಿ.

ಎರಡನೆಯದು ಮರಿಹುಳುವಿನ ಹೊರಚರ್ಮ. ಬೆಳಕಿನ ಅವಧಿ ಮುಗಿದ ಮೇಲೆ ಭ್ರೂಣವನ್ನು ಮತ್ತೆ ಕತ್ತಲಲ್ಲಿ ಒಂದು ದಿನ ಬಿಟ್ಟು, ಚರ್ಮವನ್ನು ಲ್ಯಾಕ್ಟಿಕ್ ಆಮ್ಲದಲ್ಲಿ ತಿಳಿಯಾಗಿಸಿ ನೋಡಿದರೆ, ಎದೆಯ ಮೂರು ಮತ್ತು ಹೊಟ್ಟೆಯ ಎಂಟು ಮುಳ್ಳುಪಟ್ಟಿಗಳನ್ನು ಎಣಿಸಬಹುದು. ಮೂರನೆಯದು ಭ್ರೂಣವನ್ನು ಸ್ಥಿರಗೊಳಿಸಿ ಆರ್‌ಎನ್‌ಎಗೆ ಬಣ್ಣ ಹಾಕುವುದು. ಶೇಕಡಾ 4ರ ಫಾರ್ಮಾಲ್ಡಿಹೈಡ್ ಮತ್ತು ಹೆಪ್ಟೇನ್ ಮಿಶ್ರಣದಲ್ಲಿ 20 ನಿಮಿಷ ಕುಲುಕಿ, ಮೆಥನಾಲ್ ಹಾಕಿ ಒಳಪೊರೆ ಬಿಡಿಸುವುದು ಎಂದಿನ ಕ್ರಮವೇ. ಬೆಳಕು ನಿಂತ ಕ್ಷಣದಿಂದ ಫಾರ್ಮಾಲ್ಡಿಹೈಡ್ ಮುಟ್ಟುವವರೆಗಿನ ಸೆಕೆಂಡುಗಳನ್ನು ಮಾತ್ರ ಬರೆದಿಟ್ಟುಕೊಳ್ಳಿ, ಏಕೆಂದರೆ ಅಷ್ಟರಲ್ಲಿ ಪ್ರೋಟೀನು ಮೊದಲಿನ ಸ್ಥಿತಿಗೆ ಮರಳುತ್ತಿರುತ್ತದೆ. ಲೆಕ್ಕ ಹಾಕುವಾಗ ಒಂದು ಭ್ರೂಣ ಒಂದು ಮಾದರಿ. ಒಂದೇ ಭ್ರೂಣದ ಐನೂರು ನ್ಯೂಕ್ಲಿಯಸ್ಸುಗಳನ್ನು ಐನೂರು ಮಾದರಿಗಳೆಂದು ಎಣಿಸುವುದು ತಪ್ಪು.

ಇನ್ನು ಅರ್ಥೈಸುವ ವಿಷಯ. ಪ್ರೋಟೀನಿನ ಕೆಲಸವನ್ನು ಈ ಕ್ಷಣ ನಿಲ್ಲಿಸಿದರೂ ಅದು ಅದುವರೆಗೆ ಬರೆಸಿದ್ದ ಆರ್‌ಎನ್‌ಎ, ಅದರಿಂದಾದ ಪ್ರೋಟೀನು ಭ್ರೂಣದಲ್ಲಿ ಉಳಿದೇ ಇರುತ್ತದೆ. ಹಾಗಾಗಿ ಎಷ್ಟು ಬೇಗ ಬದಲಾವಣೆ ಕಂಡಿತು ಎಂಬುದೇ ದೊಡ್ಡ ಸುಳಿವು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಬೈಕಾಯ್ಡ್ ಅನ್ನು ಬೆಳಕಿನಿಂದ ಬದಲಿಸಿದಾಗ ಹಂಚ್‌ಬ್ಯಾಕ್ ಮತ್ತು ಜಯಂಟ್ ಜೀನ್‌ಗಳ ಬರವಣಿಗೆ ಕೂಡಲೇ ಬದಲಾಯಿತು. ಕ್ರುಪೆಲ್ ಜೀನಿನ ಮೇಲಿನ ಪರಿಣಾಮ ತಡವಾಗಿ ಬಂದಿತು, ಏಕೆಂದರೆ ಅದು ನಡುವಿನ ಬೇರೆ ಪ್ರೋಟೀನುಗಳ ಮೂಲಕ ಬರಬೇಕು. ಹಿಂಭಾಗದ ಕ್ನಿರ್ಪ್ಸ್ ಜೀನು ಮಾತ್ರ ಬೇಗನೆ, ಆದರೆ ನಿರೀಕ್ಷೆಗೆ ವಿರುದ್ಧ ದಿಕ್ಕಿನಲ್ಲಿ ಪ್ರತಿಕ್ರಿಯಿಸಿತು. ಬೈಕಾಯ್ಡ್ ಅದನ್ನು ನೇರವಾಗಿ ಅದುಮಿ ಹಿಡಿಯುತ್ತಿರಬಹುದೆಂಬ ಸೂಚನೆ ಅಲ್ಲಿಂದ ಬಂದಿತು.

ನಿಮ್ಮ ಜೀನಿನಲ್ಲೂ ಹೀಗೆಯೇ ಮಾಡಿ: ಬೆಳಕು ಬಿದ್ದ ಕ್ಷಣವನ್ನು ಸೊನ್ನೆ ಎಂದಿಟ್ಟು, ಅರ್ಧ ನಿಮಿಷಕ್ಕೊಂದು ಚಿತ್ರ ತೆಗೆದು, ಚುಕ್ಕಿಯ ಹೊಳಪು ಅರ್ಧಕ್ಕಿಳಿಯಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆಯಿರಿ. ಆಮೇಲೆ ಬೆಳಕು ಆರಿಸಿ, ಚುಕ್ಕಿ ಮರಳಿ ಬರುತ್ತದೆಯೇ ಎಂದೂ ನೋಡಿ. ಮರಳಿ ಬಂದರೆ ಭ್ರೂಣ ಆರೋಗ್ಯವಾಗಿದೆ, ಇಳಿಕೆ ಸ್ವಿಚ್ಚಿನದ್ದೇ. ಬಾರದಿದ್ದರೆ ಆ ದಿನದ ಮೂರನೆಯ ತಟ್ಟೆಯನ್ನು ತೆರೆದು, ಸಾಮಾನ್ಯ ತಳಿಯ ಭ್ರೂಣಗಳು ಅದೇ ಬೆಳಕಿನಲ್ಲಿ ಹೇಗಿವೆಯೆಂದು ಮೊದಲು ನೋಡಿ, ಅನಂತರ ಪವರ್ ಮೀಟರನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳಿ.